ಮೊದಲು ಗದ್ದಲ ಇಳಿಯಲಿ, ಆಮೇಲೆ ಲಾಲಿ

ಸಭೆಗೆ ವಂದನೆಗಳು. ಇಲ್ಲಿರುವ ಬಹುತೇಕರು ನವಜಾತ ಶಿಶುಗಳ ತೀವ್ರ ನಿಗಾ ಘಟಕವನ್ನು ಬಲ್ಲವರಾದ್ದರಿಂದ, ದಿನ ತುಂಬದ ಮಗು ಎಂದರೇನು ಎಂಬಲ್ಲಿಂದ ನಾನು ಆರಂಭಿಸುವುದಿಲ್ಲ. ಘಟಕದಲ್ಲೊಂದು ಸ್ಪೀಕರ್ ಇಟ್ಟು ಇಂಪಾದ ಸಂಗೀತ ಹಾಕಿದರೆ ಮಕ್ಕಳು ಬೇಗ ಚೇತರಿಸಿಕೊಳ್ಳುತ್ತಾರೆಂಬ ನಂಬಿಕೆ ಬಲಿಯುತ್ತಿದೆ. ಅದಕ್ಕೆ ನನ್ನದೊಂದು ತಕರಾರಿದೆ: ಮೊದಲು ಗದ್ದಲ ಇಳಿಯಬೇಕು.

ಗರ್ಭಾವಸ್ಥೆಯ ಸುಮಾರು 25ನೆಯ ವಾರದ ಹೊತ್ತಿಗೆ ಶಿಶು ಶಬ್ದಕ್ಕೆ ಸ್ಪಂದಿಸತೊಡಗುತ್ತದೆ. ಗರ್ಭದಲ್ಲಿ ಕೀರಲು ಸ್ವರಗಳೆಲ್ಲ ಸೋಸಿಹೋಗಿ ತಾಯಿಯ ಎದೆಬಡಿತ, ರಕ್ತದ ಹರಿವು ಮತ್ತು ಅವಳ ಮಾತಿನ ಏರಿಳಿತ ಮಾತ್ರ ಅದನ್ನು ಮುಟ್ಟುತ್ತವೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗಾದರೋ ಅಲಾರಂ, ವೆಂಟಿಲೇಟರ್, ಇನ್‌ಕ್ಯುಬೇಟರಿನ ಬಾಗಿಲು ಮುಚ್ಚುವ ಸದ್ದು, ಜೊತೆಗೆ ನಮ್ಮ ಹರಟೆ! ಘಟಕದ ಸದ್ದು 45 ಡೆಸಿಬೆಲ್ ಮೀರಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1997ರಲ್ಲೇ ಹೇಳಿತ್ತು. ಆ ಮಿತಿ ಮೀರಿದ ಕೋಣೆಯಲ್ಲಿ ಸಂಗೀತವೂ ಇನ್ನೊಂದು ಸದ್ದಷ್ಟೆ.

ನನಗೆ ಪ್ರಿಯವಾದ ಪ್ರಸಂಗ ಜಿನೀವಾದ್ದು. ಅಲ್ಲಿ ನವಜಾತ ಶಿಶುಗಳ ವೈದ್ಯೆ ಪೆಟ್ರಾ ಹ್ಯುಪ್ಪಿಯವರ ತಂಡವು ದಿನ ತುಂಬದ ಮಕ್ಕಳಿಗೆಂದೇ ಸಂಗೀತ ರಚಿಸಲು ಹಾರ್ಪ್ ವಾದಕ, ಸಂಗೀತ ಸಂಯೋಜಕ ಆಂಡ್ರಿಯಾಸ್ ಫೋಲನ್‌ವೈಡರ್ ಅವರನ್ನು ಕೇಳಿಕೊಂಡಿತು. ಅವರು ಮಕ್ಕಳ ಬಳಿ ಬಗೆಬಗೆಯ ವಾದ್ಯಗಳನ್ನು ನುಡಿಸಿ ನೋಡುತ್ತಿದ್ದಾಗ, ಮಕ್ಕಳು ಎಲ್ಲಕ್ಕಿಂತ ಹೆಚ್ಚು ಸ್ಪಂದಿಸಿದ್ದು ಯಾವುದಕ್ಕೆ ಬಲ್ಲಿರಾ? ಭಾರತದ ಹಾವಾಡಿಗರ ಪುಂಗಿಗೆ. (ಹಾವಿಗೆ ಹೊರಗಿವಿಯೇ ಇಲ್ಲ, ಪುಂಗಿಗೆ ಕೊನೆಗೂ ಯೋಗ್ಯ ಶ್ರೋತೃಗಳು ದೊರೆತರು.) ಹಾರ್ಪ್ ಮತ್ತು ಗಂಟೆಗಳನ್ನೂ ಸೇರಿಸಿ, ಏಳುವ, ಮಲಗುವ, ಎಚ್ಚರವಾಗಿರುವ ಹೊತ್ತುಗಳಿಗೆ ಎಂಟೆಂಟು ನಿಮಿಷಗಳ ಮೂರು ರಚನೆಗಳಾದವು. 2019ರಲ್ಲಿ ಪ್ರಕಟವಾದ ಎಂಆರ್‌ಐ ಫಲಿತಾಂಶದಲ್ಲಿ, ಇವನ್ನು ಕೇಳಿದ ಮಕ್ಕಳ ಮಿದುಳಿನ ಕೆಲವು ಜಾಲಗಳ ನಡುವಿನ ಸಂಪರ್ಕ ದಿನ ತುಂಬಿದ ಮಕ್ಕಳಲ್ಲಿರುವುದಕ್ಕೆ ಹತ್ತಿರವಾಗಿತ್ತು. ಇಷ್ಟರಿಂದಲೇ ಮಗು ಮುಂದೆ ಜಾಣನಾಗುತ್ತಾನೆಂದು ತಾಯಿಗೆ ಹೇಳಿಬಿಡುವ ಉತ್ಸಾಹಿಗಳಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ.

ಆದರೆ ನನ್ನ ಒಲವು ಹೆತ್ತವರ ದನಿಯ ಕಡೆಗೆ. ಅಮೆರಿಕದ ಸಂಗೀತ ಚಿಕಿತ್ಸಕಿ ಜೋಆನ್ ಲೋವಿಯವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಘಟಕಗಳ 272 ಮಕ್ಕಳಿದ್ದರು. ಧ್ವನಿಮುದ್ರಿಕೆಯ ಬದಲು ಎದೆಬಡಿತವನ್ನೂ ಗರ್ಭದ ಸದ್ದನ್ನೂ ಹೋಲುವ ವಾದ್ಯಗಳನ್ನು ಎದುರಿಗೇ ಮೆಲ್ಲನೆ ನುಡಿಸಿದರು. ಹೆತ್ತವರು ತಮಗೆ ಆಪ್ತವಾದ ಹಾಡನ್ನೇ ಲಾಲಿಯಾಗಿ ಹಾಡಿದರು. ಮಕ್ಕಳ ಹೃದಯಬಡಿತ, ನಿದ್ರೆ, ಹೀರುವಿಕೆಗಳಲ್ಲಿ ಒಳ್ಳೆಯ ಬದಲಾವಣೆ ಕಂಡಿತು. ಹೆತ್ತವರ ಆತಂಕವೂ ಇಳಿಯಿತು. ಸ್ಪೀಕರಿಗೆ ಆತಂಕವಿಲ್ಲ, ಇಳಿಯುವುದೂ ಇಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮಗು ಹೀರಿದಾಗ ಮಾತ್ರ ಲಾಲಿ ಕೇಳಿಸುವ, ಸಂಗೀತ ಚಿಕಿತ್ಸಕಿ ಜೇನ್ ಸ್ಟ್ಯಾಂಡ್ಲಿಯವರ ನಿಪ್ಪಲ್ ಬಗ್ಗೆ ಹೇಳಬೇಕೆಂದಿದ್ದೆ, ಅದು ಇನ್ನೊಮ್ಮೆ. ದಿನ ತುಂಬದ ಮಕ್ಕಳ ಮೇಲೆ ಐದು ದೇಶಗಳಲ್ಲಿ ನಡೆದ ಲಾಂಗ್‌ಸ್ಟೆಪ್ ಎಂಬ ಪ್ರಯೋಗದಲ್ಲಿ ಸಂಗೀತ ಚಿಕಿತ್ಸೆಯಿಂದ ತಾಯಿ–ಮಗುವಿನ ಬಾಂಧವ್ಯ ಗಮನಾರ್ಹವಾಗಿ ಹೆಚ್ಚಲಿಲ್ಲ ಎಂಬುದನ್ನು ಮಾತ್ರ ಮುಚ್ಚಿಡಲಾರೆ.

ಕೊನೆಯದಾಗಿ ದಾದಿಯರಿಗೆ: ಮಗುವನ್ನು ಎದೆಗಪ್ಪಿಕೊಂಡಿರುವಾಗ ತಾಯಿಯೋ ತಂದೆಯೋ ಮೆಲುದನಿಯಲ್ಲಿ ಹಾಡಲಿ, ಶ್ರುತಿ ತಪ್ಪಿದರೂ ಸರಿ. ಮಗು ಬೆರಳುಗಳನ್ನು ಅಗಲಿಸಿದರೆ, ಬಿಕ್ಕಳಿಸಿದರೆ, ಮಾನಿಟರಿನಲ್ಲಿ ಆಮ್ಲಜನಕದ ಅಂಕೆ ಇಳಿದರೆ ಹಾಡು ಅಲ್ಲಿಗೇ ನಿಲ್ಲಲಿ. ಇನ್ನು ಪ್ರಶ್ನೆಗಳನ್ನು ಕೇಳಬಹುದು.