ಆಪರೇಷನ್ ನಡುವೆ ಬರುವ ರಿಪೋರ್ಟ್

ಕೇಳುಗರಿಗೆ ನಮಸ್ಕಾರ.

ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ಆಪರೇಷನ್ ನಡೀತಿದೆ ಅಂದುಕೊಳ್ಳಿ. ಗರ್ಭಕೋಶ ತೆಗೆದಾಗಿದೆ. ಹೊಟ್ಟೆಯೊಳಗಿನ ದುಗ್ಧರಸ ಗ್ರಂಥಿಗಳನ್ನೂ, ಅಂದರೆ ಲಿಂಫ್ ನೋಡ್‌ಗಳನ್ನೂ, ತೆಗೆಯಬೇಕಾ, ಇಷ್ಟಕ್ಕೇ ನಿಲ್ಲಿಸಬಹುದಾ? ತೆಗೆದರೆ ಕೆಲವರಿಗೆ ಆಮೇಲೆ ಕಾಲು ಊದಿಕೊಳ್ಳುತ್ತದೆ, ಆ ಬಾವು ಪೂರ್ತಿ ಇಳಿಯುವುದೇ ಇಲ್ಲ. ಬಿಟ್ಟರೆ, ಅಲ್ಲಿಗೆ ಹರಡಿರುವ ಕ್ಯಾನ್ಸರ್ ಗೊತ್ತಾಗದೇ ಉಳಿಯಬಹುದು.

ಆಗ ನೆರವಿಗೆ ಬರುವುದೇ ಫ್ರೋಜನ್ ಸೆಕ್ಷನ್. ಪೆಥಾಲಜಿಸ್ಟ್, ಅಂದರೆ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಹೇಳುವ ವೈದ್ಯರು, ಗರ್ಭಕೋಶವನ್ನು ಕೊಯ್ದು, ಗಡ್ಡೆ ಹೆಚ್ಚು ಆಳಕ್ಕೆ ಇಳಿದಂತೆ ಕಾಣುವ ಕಡೆಯಿಂದ ಒಂದು ತುಣುಕು ತೆಗೆಯುತ್ತಾರೆ. ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ ಅದನ್ನು ಗಟ್ಟಿ ಮಾಡಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಥಿಯೇಟರಿಗೆ ಫೋನ್ ಹೋಗುತ್ತದೆ. 1905ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೂಯಿ ವಿಲ್ಸನ್ ಈ ಪದ್ಧತಿಯನ್ನು ದಿನನಿತ್ಯದ ಬಳಕೆಗೆ ತಂದರು. ಮೊದಲು ತುಣುಕನ್ನು ಕಿಟಕಿಯಾಚೆಯ ಚಳಿಗೆ ಇಟ್ಟೇ ಹೆಪ್ಪುಗಟ್ಟಿಸಿದ್ದರಂತೆ! ಅದೇ ಮೇಯೊ ವೈದ್ಯರು ಮುಂದೆ ಒಂದು ಲೆಕ್ಕ ಕೊಟ್ಟರು: ಗಡ್ಡೆ 2 ಸೆಂಟಿಮೀಟರ್ ಮೀರಿಲ್ಲ, ಗರ್ಭಕೋಶದ ಸ್ನಾಯುಗೋಡೆಯ ಅರ್ಧ ದಪ್ಪ ದಾಟಿಲ್ಲ, ಕ್ಯಾನ್ಸರಿನ ಬಗೆ ಸಾಮಾನ್ಯದ್ದು, ಗ್ರೇಡ್ (ಜೀವಕೋಶ ಎಷ್ಟು ಕೆಟ್ಟಿದೆ ಅನ್ನುವ ಅಂಕ) 1 ಅಥವಾ 2. ಹಾಗಿದ್ದರೆ ಗ್ರಂಥಿಗಳನ್ನು ಬಿಡಬಹುದು.

ಈ ಫೋನ್ ಮಾತನ್ನು ಎಷ್ಟು ನಂಬಬಹುದು? ಆಳದ ವಿಷಯದಲ್ಲಿ ಸಾಕಷ್ಟು. ಗ್ರೇಡಿನ ವಿಷಯದಲ್ಲಿ ಅಷ್ಟಿಲ್ಲ. ನೋಡುವುದು ಒಂದೆರಡು ತುಣುಕು ಮಾತ್ರ, ಕೆಟ್ಟ ಭಾಗ ಪಕ್ಕದಲ್ಲೇ ಇದ್ದಿರಬಹುದು. ಹೆಪ್ಪುಗಟ್ಟುವಾಗ ಮಂಜಿನ ಹರಳು ಮೂಡಿ ಜೀವಕೋಶದ ಆಕಾರವೂ ಕೆಡುತ್ತದೆ. ಅಡಿನೋಮಯೋಸಿಸ್ ಇದ್ದರಂತೂ ತಲೆನೋವು. ಒಳಪದರ ಮೊದಲೇ ಸ್ನಾಯುವಿನೊಳಗೆ ಸೇರಿರುತ್ತದೆ. ಕ್ಯಾನ್ಸರ್ ಆ ಜಾಗದಲ್ಲೇ ಹಬ್ಬಿದ್ದರೂ ಆಳಕ್ಕೆ ಕೊರೆದಂತೆ ಕಾಣುತ್ತದೆ. ಗ್ರೇಡಿನಲ್ಲಿ ಎಡವಿದಾಗ ಹೆಚ್ಚಾಗಿ ಕಾಯಿಲೆಯನ್ನು ಕಡಿಮೆ ಅಂದಿರುತ್ತಾರೆ.

ಹಾಗಾಗಿ ಕಾರಿಡಾರಿನಲ್ಲಿ ಕಾಯುವವರಿಗೆ ಒಂದು ಮಾತು. ಫ್ರೋಜನ್‌ನಲ್ಲಿ "ಗ್ರೇಡ್ 1" ಅಂದದ್ದು ಕೆಲವು ದಿನಗಳ ಮೇಲೆ ಬರುವ ಅಂತಿಮ ರಿಪೋರ್ಟಿನಲ್ಲಿ "ಗ್ರೇಡ್ 2" ಆಗಿರಬಹುದು. ಸುಮ್ನೆ ಯಾರನ್ನೋ ದೂರಬೇಡಿ. ರೇಡಿಯೇಷನ್ ಬೇಕಾ ಬೇಡವಾ ಅನ್ನುವುದನ್ನು ಆ ಅಂತಿಮ ರಿಪೋರ್ಟ್ ನೋಡಿಯೇ ಹೇಳುತ್ತಾರೆ.

ಈಗ ಅನೇಕ ಕಡೆ ಹಸಿರು ಬಣ್ಣದ ದ್ರವ ಚುಚ್ಚಿ, ಅದು ಮೊದಲು ತಲುಪುವ ಗ್ರಂಥಿಗಳನ್ನಷ್ಟೇ ತೆಗೆಯುತ್ತಾರೆ. ಅಲ್ಲಿ ಫ್ರೋಜನ್ ಮೇಲಿನ ಅವಲಂಬನೆ ಕಡಿಮೆಯಾಗಿದೆ. ಆ ಸೌಲಭ್ಯ ಎಲ್ಲ ಆಸ್ಪತ್ರೆಯಲ್ಲೂ ಇಲ್ಲ, ಅಲ್ವಾ? ಆಪರೇಷನ್‌ಗೆ ಮುಂಚೆಯೇ ಡಾಕ್ಟರನ್ನು ಕೇಳಿಬಿಡಿ: "ಇಲ್ಲಿ ಫ್ರೋಜನ್ ಮಾಡ್ತೀರಾ? ಅದರಲ್ಲಿ ಏನು ಬಂದರೆ ಆಪರೇಷನ್ ಬದಲಾಗುತ್ತೆ?"

ನಮಸ್ಕಾರ.