ಅಜ್ಜಿಯ ತೂಗುದೀಪಕ್ಕೆ ಪಾಲಿಶ್ ಹೊಡೆಸಿದ್ದು

ಕೇಳುಗ ಮಿತ್ರರಿಗೆ ನಮಸ್ಕಾರ.

ಶುಕ್ರವಾರ ಬೆಳಗಿನ ಜಾವ ಐದಕ್ಕೆ ಮುಂಬಯಿಯ ಮಾಟುಂಗದಿಂದ ಹೊರಟರೆ ಐದೂವರೆಗೆಲ್ಲ ಮಟನ್ ಸ್ಟ್ರೀಟಿನಲ್ಲಿರಬಹುದು. ಹಳೇ ಸಾಮಾನಿನ ಪೇಟೆ ಚೋರ್ ಬಜಾರ್ ಇರುವುದು ಅಲ್ಲೇ. ಅದರ ಅಂಗಡಿಗಳಿಗೆ ಅವತ್ತು ರಜೆ. ನಸುಕಿನಲ್ಲಿ ಬೀದಿಯೇ ಅಂಗಡಿ. ಗೋಣಿತಾಟಿನ ಮೇಲೆ ಹಳೇ ಬೂಟು, ಚಾರ್ಜರ್, ನಲ್ಲಿ, ಬೀಗ, ನಡುವೆ ಎಲ್ಲೋ ಒಂದು ಹಿತ್ತಾಳೆ ದೀಪ. ಅದನ್ನು ನೋಡಬೇಕಾದರೆ ಟಾರ್ಚ್ ಬಿಡಬೇಕು! ಹೋಟೆಲಿನ ಗಲ್ಲಾ ಮಗನಿಗೆ ಬಿಟ್ಟುಕೊಟ್ಟ ಮೇಲಂತೂ ನಾನು ಶುಕ್ರವಾರ ತಪ್ಪಿಸಿದ್ದು ಕಡಿಮೆ.

ಹಳೇ ವಸ್ತುವಿನ ಅಸಲು, ನಕಲಿ ಗುರುತಿಸುವ ವಿದ್ಯೆಯಲ್ಲಿ ನನಗೆ ಅಕ್ಷರಾಭ್ಯಾಸ ಮಾಡಿಸಿದವರು ಅಲ್ಲಿನ ಒಬ್ಬ ಮುದಿ ವ್ಯಾಪಾರಿ. ಮೊದಲ ಸಲ ಒಂದು ಸೀಮೆಎಣ್ಣೆ ಮೇಜುದೀಪ ಎತ್ತಿಕೊಂಡು "ಎಷ್ಟು ಹಳೇದು ಚಾಚಾ?" ಎಂದೆ. "ನಿಮಗೆ ಎಷ್ಟು ಹಳೇದು ಬೇಕೋ ಅಷ್ಟು, ಅಣ್ಣಾ" ಎಂದರು. ಆಮೇಲೆ ಏನನ್ನಿಸಿತೋ, ಬತ್ತಿ ಏರಿಸಿ ಇಳಿಸುವ ಗುಂಡಿ ತೋರಿಸಿದರು. ಅದರ ಮೇಲೆ ಹಿಂಕ್ಸ್ ಎಂಬ ಅಚ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಆ ಕಂಪೆನಿ ಅಕ್ಕಪಕ್ಕ ಎರಡು ಬತ್ತಿ ಉರಿಯುವ ಬರ್ನರ್ ಮಾಡಿ ಹೆಸರು ಗಳಿಸಿತ್ತು. ಬರ್ನರ್ ಅಸಲು. ಕೆಳಗಿನ ಎಣ್ಣೆ ಬುರುಡೆಯನ್ನು ಬೆರಳಿನಿಂದ ತಟ್ಟಿ ಮುದುಕ ಹೇಳಿದ ಮಾತು ಇವತ್ತಿಗೂ ಮರೆತಿಲ್ಲ: "ತಲೆ ವಿಲಾಯ್ತಿ, ಮೈ ಮೊರಾದಾಬಾದ್." ಅಂದರೆ ಬರ್ನರ್ ಇಂಗ್ಲೆಂಡಿನದು, ಬುರುಡೆ ಉತ್ತರ ಪ್ರದೇಶದ ಹಿತ್ತಾಳೆ ಕೆಲಸದ ಊರಿನದು.

ಪೇಟೆಯಲ್ಲಿ ಓಡಾಡುವ ಹಳೇ ದೀಪಗಳಲ್ಲಿ ಇಂಥ ಕೂಡಾವಳಿಯೇ ಜಾಸ್ತಿ. ಒಂದರ ಬುಡ, ಇನ್ನೊಂದರ ಬರ್ನರ್, ನಿನ್ನೆ ಊದಿದ ಚಿಮಣಿ. ತಪ್ಪೇನಿಲ್ಲ, ಕೂಡಾವಳಿಯ ಬೆಲೆ ಕೊಟ್ಟು ತಂದರೆ ಆಯಿತು. ಎಲ್ಲ ಭಾಗವೂ ಒಂದೇ ಮನೆಯದಾಗಿದ್ದರೆ ಬೆಲೆ ಏರುತ್ತದೆ. ಒಡೆಯದ ಜೋಡಿ ಸಿಕ್ಕರೆ ಒಂಟಿಯ ಎರಡರಷ್ಟಕ್ಕಿಂತ ಹೆಚ್ಚೇ ಕೇಳುತ್ತಾರೆ. ಬಲ್ಬಿನ ಹೋಲ್ಡರ್ ಕೂರಿಸಲು ಬುಡಕ್ಕೆ ತೂತು ಕೊರೆದಿದ್ದರೋ, ಅಲ್ಲಿಗೆ ಇಳಿಯಿತು.

ಕಾಲ ಗೊತ್ತು ಮಾಡಲು ಊರಿನ ಹೆಸರೇ ಒಳ್ಳೆಯ ಸಾಕ್ಷಿ. ನಮ್ಮ ಕಡೆ ಯಕ್ಷಗಾನದ ರಂಗಸ್ಥಳಕ್ಕೆ ತೂಗಿಸುತ್ತಿದ್ದ ಗ್ಯಾಸ್‌ಲೈಟ್ ಇದೆಯಲ್ಲ, ಪೆಟ್ರೋಮ್ಯಾಕ್ಸ್, ಅದು ಜರ್ಮನಿಯ ಸೃಷ್ಟಿ. ಟ್ಯಾಂಕಿನ ಮೇಲೆ 'ವೆಸ್ಟ್ ಜರ್ಮನಿ' ಎಂದಿದ್ದರೆ 1949ರ ನಂತರದ್ದು, ಏಕೆಂದರೆ ಅದಕ್ಕೆ ಮೊದಲು ಆ ಹೆಸರಿನ ದೇಶವೇ ಇರಲಿಲ್ಲ. ಇರಾನಿ ಹೋಟೆಲಿನ ಬಾಗುಮರದ ಕುರ್ಚಿಗೂ ಇದೇ ಲೆಕ್ಕ. ಮಗುಚಿ ಹಾಕಿ, ಆಸನದ ಬಳೆಯ ಒಳಮೈ ನೋಡಿ. ಚೆಕೊಸ್ಲೊವಾಕಿಯಾ ಎಂದಿದ್ದರೆ 1918ಕ್ಕಿಂತ ಹಿಂದಕ್ಕೆ ಹೋಗಲು ಸಾಧ್ಯವೇ ಇಲ್ಲ. ಆ ಕುರ್ಚಿಯ ಮೂಲಪುರುಷ ಮೈಕೆಲ್ ಥೊನೆಟ್. ಅವನ 14ನೇ ನಂಬರಿನ ಕುರ್ಚಿ 1859ರದ್ದು. ಹಬೆಯಲ್ಲಿ ಬಾಗಿಸಿದ ಬೀಚ್ ಮರದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ನಮ್ಮ ಅಪ್ಪನ ಹೋಟೆಲಿನಲ್ಲೂ ಇಂಥವು ಎಂಟು ಇದ್ದವು. ಸನ್‌ಮೈಕಾ ಟೇಬಲ್ ಬಂದ ವರ್ಷ ಗುಜರಿಗೆ ಹೋದವು. ಹಾಕಿದವನು ನಾನೇ.

ಪೀಠೋಪಕರಣ ಕೊಳ್ಳುವವರು ಮುಂದಿನ ಕೆತ್ತನೆ ನೋಡಿ ಮರುಳಾಗುತ್ತಾರೆ. ನಾನು ಮೊದಲು ಹಿಂದೆ, ಆಮೇಲೆ ಕೆಳಗೆ ನೋಡುತ್ತೇನೆ. ಡ್ರಾಯರ್ ಪೂರ್ತಿ ಹೊರಗೆಳೆಯಿರಿ. ಮೂಲೆಯಲ್ಲಿ ಹಲಗೆಗಳನ್ನು ಕಚ್ಚಿಸುವ ಹಲ್ಲು ಕೈಯಲ್ಲಿ ಕೊಯ್ದದ್ದಾದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ಡ್ರಾಯರ್ ಸಾವಿರಾರು ಸಲ ಸರಿದಿದ್ದರೆ ಕೆಳಗಿನ ಪಟ್ಟಿ ಸವೆದು ಇಳಿದಿರಲೇಬೇಕು. ನೂರು ವರ್ಷದ್ದೆಂದು ಹೇಳುವ ಕಪಾಟಿನಲ್ಲಿ ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಯಾರೋ ಬಿಚ್ಚಿದ್ದಾರೆ, ಇಲ್ಲವೇ ನೂರು ವರ್ಷವೇ ಸುಳ್ಳು. ಹಳೇದೆಂದು ತೋರಿಸಲು ಡ್ರಿಲ್ಲಿಂಗ್ ಮಾಡಿದ ತೂತುಗಳೂ ಇರುತ್ತವೆ. ತಂತಿ ತೂರಿಸಿ ನೋಡಿ: ಕುಟ್ಟೆ ಹುಳು ನೇರ ದಾರಿ ಹಿಡಿಯುವ ಪ್ರಾಣಿಯಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ದುಂಡು ಮೇಜಿನದು. ಟೇಪು ಹಿಡಿದು ಮರದ ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಿರಿ. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ಹಳೇ ದುಂಡು ಮೇಜು ದುಂಡಗೆ ಇರುವುದಿಲ್ಲ.

ಮುಂಬಯಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಇಂಚಿಂಚೂ ಎಲೆ ಬಳ್ಳಿ ಕೆತ್ತಿದ ಕಪ್ಪು ಸೋಫಾ, ಮೇಜುಗಳು ತಯಾರಾಗುತ್ತಿದ್ದವು. 'ಬಾಂಬೆ ಬ್ಲ್ಯಾಕ್‌ವುಡ್' ಎಂದು ಇಂದು ಲಂಡನ್ನಿನ ಹರಾಜಿನಲ್ಲೂ ಹೆಸರಿದೆ. ಬ್ಲ್ಯಾಕ್‌ವುಡ್ ಅಂದರೆ ಬೇರೇನಲ್ಲ, ನಮ್ಮ ಬೀಟೆ. ಪಶ್ಚಿಮ ಘಟ್ಟದ ಮರ. ನನಗೆ ಆ ಕೆತ್ತನೆ ಕಣ್ಣಿಗೆ ಸ್ವಲ್ಪ ಅತಿಯೇ, ಧೂಳು ಒರೆಸುವವರ ಕಷ್ಟ ಬೇರೆ. ಆದರೂ ಎಲ್ಲಾದರೂ ಕಂಡರೆ ಒಮ್ಮೆ ಕೈಯಾಡಿಸದೆ ಬರಲಾರೆ.

ವಿದೇಶದಲ್ಲಿ ಮಕ್ಕಳಿರುವವರಿಗೆ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸೊಸೆಯ ಸೂಟ್‌ಕೇಸಿನಲ್ಲಿ ಅಜ್ಜನ ಆರತಿ ಇಡುವ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳಿ.

ಈಗ ಶೀರ್ಷಿಕೆಯ ವಿಷಯಕ್ಕೆ. ಕಾರ್ಕಳದ ಹತ್ತಿರದ ನಮ್ಮ ಮನೆ ಪಾಲಾದಾಗ ಚಾವಡಿಯ ತೂಗುದೀಪ ನನ್ನ ಪಾಲಿಗೆ ಬಂತು. ಎರಡೂವರೆ ಕೆಜಿ ತೂಕ. ಸರಪಳಿಯ ಒಂದು ಕೊಂಡಿ ಹೋಗಿ ಅಜ್ಜ ಕಬ್ಬಿಣದ ತಂತಿ ಸುತ್ತಿದ್ದರು. ಬಟ್ಟಲಿನ ಒಂದು ಅಂಚು ಮಾತ್ರ ನುಣ್ಣಗೆ ತಗ್ಗಾಗಿತ್ತು. ದಿನಾ ಮುಸ್ಸಂಜೆ ಅಜ್ಜಿ ಬತ್ತಿ ಮುಂದೆ ದೂಡುವಾಗ ಎಡಗೈ ಹೆಬ್ಬೆರಳು ಊರುತ್ತಿದ್ದ ಜಾಗ ಅದು. ಮಸಿ, ಎಣ್ಣೆಜಿಡ್ಡು ಕೂಡಿ ಮೈಯೆಲ್ಲ ಜೋನಿಬೆಲ್ಲದ ಬಣ್ಣ. ನಾನೇನು ಮಾಡಿದೆ? ಮಗಳ ಮದುವೆಗೆಂದು ಒಂದು ಪಾತ್ರೆ ಅಂಗಡಿಗೆ ಕೊಟ್ಟು ಯಂತ್ರಕ್ಕೆ ಹಿಡಿಸಿದೆ. ಚಿನ್ನದ ಹಾಗೆ ಹೊಳೆಯುತ್ತಾ ಬಂತು, ಹೊಸ ಸರಪಳಿ ಸಮೇತ. ಹೆಮ್ಮೆಯಿಂದ ಚಾಚಾಗೆ ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ "ಚೆನ್ನಾಗಿದೆ ಅಣ್ಣಾ, ಹೋದ ವಾರ ಎರಕ ಹೊಯ್ಸಿದಿರಾ?" ಎಂದರು.

ಹಸಿರು ಕಿಲುಬು ಬೇರೆ, ಅದು ಹಿತ್ತಾಳೆಯನ್ನು ತಿನ್ನುವ ರೋಗ, ತೆಗೆಯಲೇಬೇಕು. ನಾನು ತೆಗೆಸಿದ್ದು ಕಿಲುಬನ್ನಲ್ಲ. ಅದು ಪೂರ್ತಿ ಗೊತ್ತಾದದ್ದು ಪುಣೆಯ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯದಲ್ಲಿ. ಅದನ್ನು ಕಟ್ಟಿದ ದಿನಕರ ಕೇಳ್ಕರರು ಚಿಕ್ಕಂದಿನಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ಇಟ್ಟ ಹೆಸರು ಅದು. ಕೇಳ್ಕರರು ಹತ್ತಾರು ವರ್ಷ ಊರೂರು ಅಲೆದು ಕೂಡಿಸಿದ್ದನ್ನೆಲ್ಲ 1962ರಲ್ಲಿ ಸರ್ಕಾರಕ್ಕೆ ಒಪ್ಪಿಸಿಬಿಟ್ಟರು. ಅಲ್ಲಿನ ದೀಪಗಳ ಸಾಲಿನ ಮುಂದೆ ನಾನು ನೋಡುತ್ತಾ ನಿಂತದ್ದು ಬಟ್ಟಲುಗಳ ಅಂಚನ್ನು.

ಯಂತ್ರ ಅಳಿಸಿಹಾಕಿದ ಹೆಬ್ಬೆರಳಿನ ತಗ್ಗು ಮರಳಿ ಬರುವುದಿಲ್ಲ. ಅಜ್ಜನ ತಂತಿಯನ್ನು ಅಂಗಡಿಯವರ ಕಸದ ಡಬ್ಬಿಯಿಂದ ಹುಡುಕಿ ತಂದೆ, ಅದು ಸಿಕ್ಕಿತು. ಈಗ ಮಾಟುಂಗದ ಮನೆಯಲ್ಲಿ ಅದೇ ತಂತಿಯಲ್ಲಿ ದೀಪ ತೂಗುತ್ತಿದೆ. ದಿನಾ ಸಂಜೆ ಎಳ್ಳೆಣ್ಣೆ ಹಾಕಿ ಹಚ್ಚುತ್ತೇವೆ. ಹಿತ್ತಾಳೆ ಉಜ್ಜುವ ಬ್ರಾಸೊ ಡಬ್ಬಿಯನ್ನು ನನ್ನ ಹೆಂಡತಿ ಬಚ್ಚಿಟ್ಟಿದ್ದಾಳೆ. ಆರು ವರ್ಷವಾಯಿತು, ಬತ್ತಿಯ ಮೂತಿಯ ಹತ್ತಿರ ಈಗ ಸಣ್ಣಗೆ ಕಪ್ಪು ಹತ್ತುತ್ತಿದೆ.

ನಮಸ್ಕಾರ.