ವಾಲ್ವ್ ಆಮೇಲೆ, ಟ್ರಾನ್ಸ್‌ಫಾರ್ಮರ್ ಮೊದಲು

ನಮಸ್ಕಾರ. ಮನೆಯಲ್ಲೇ ವಾಲ್ವ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್) ಆಂಪ್ಲಿಫೈಯರ್ ಕಟ್ಟುವವರಿಗೆ ವಾಲ್ವ್ ಮೇಲೆ ವಿಪರೀತ ಮೋಹ. ಹಳೇ ಸ್ಟಾಕ್ ಇಎಲ್84 ವಾಲ್ವ್ ಸಿಕ್ಕರೆ ಹೇಳಿದ ರೇಟು ಕೊಡುತ್ತಾರೆ. ವಾಲ್ವ್‌ಗೂ ಸ್ಪೀಕರ್‌ಗೂ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹತ್ತಿರ ಬಂದಾಗ ಚೌಕಾಸಿ ಶುರು. ಈ ಲೆಕ್ಕ ತಲೆಕೆಳಗು ಅಂತೀನಿ ನಾನು. ವಾಲ್ವ್ ಯಾವಾಗ ಬೇಕಾದರೂ ಬದಲಾಯಿಸಬಹುದು, ಅಲ್ವಾ?

ಸುತ್ತಿನ ಲೆಕ್ಕ ಸುಲಭ. ಒಂದೇ ಇಎಲ್84 ಇರುವ ಸಿಂಗಲ್ ಎಂಡೆಡ್ ಆಂಪ್‌ಗೆ ಸುಮಾರು 5000 ಓಮ್ ಲೋಡ್ ಬೇಕು, ಸ್ಪೀಕರ್ 8 ಓಮ್. ಭಾಗಿಸಿ ವರ್ಗಮೂಲ ತೆಗೆದರೆ 25. ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುರುಳಿ) 25 ಸುತ್ತಿಗೆ ಸೆಕೆಂಡರಿಯಲ್ಲಿ (ಸ್ಪೀಕರ್ ಕಡೆಯದು) ಒಂದು. ಇಷ್ಟನ್ನು ಯಾರು ಬೇಕಾದರೂ ಸುತ್ತಿಕೊಡುತ್ತಾರೆ.

ಬೆಂಗಳೂರಿನ ಎಸ್‌ಪಿ ರೋಡ್ ಸುತ್ತಮುತ್ತ ವೈಂಡಿಂಗ್ ಮಾಡುವವರ ಕೈ ಚೆನ್ನಾಗೇ ಇದೆ. ಆದರೆ ಅವರ ದಿನದ ಕೆಲಸ ಸ್ಟೆಬಿಲೈಸರ್, ಯುಪಿಎಸ್. ಎಲ್ಲವೂ 50 ಹರ್ಟ್ಜ್. ಸುಮ್ನೆ 'ಐದು ಕೆ (5000 ಓಮ್), ಐದು ವ್ಯಾಟ್' ಅಂದರೆ ಅದೇ ಅಂದಾಜಿನಲ್ಲಿ ಸುತ್ತುತ್ತಾರೆ. ಅಷ್ಟೇ ವೋಲ್ಟೇಜಿಗೆ 25 ಹರ್ಟ್ಜ್‌ನಲ್ಲಿ ಕೋರ್‌ನ (ಸುರುಳಿಯೊಳಗಿನ ಕಬ್ಬಿಣ) ಫ್ಲಕ್ಸ್, ಅಂದರೆ ಕಾಂತೀಯ ಹರಿವು, ಎರಡು ಪಟ್ಟು. ಸೌಂಡ್ ಜಾಸ್ತಿ ಮಾಡಿದಾಗ ಕೋರ್ ಫ್ಲಕ್ಸಿನಿಂದ ತುಂಬಿಹೋಗಿ ಡೊಳ್ಳಿನ ಪೆಟ್ಟು ಒಡೆದು ಕೇಳುತ್ತದೆ. ಅದಕ್ಕೇ ಎಷ್ಟು ವ್ಯಾಟ್ ಅನ್ನುವುದರ ಜೊತೆಗೆ ಎಷ್ಟು ಹರ್ಟ್ಜ್‌ನಲ್ಲಿ ಅನ್ನುವುದನ್ನೂ ಹೇಳಿ.

ಇನ್ನೊಂದು, ಸ್ಟ್ಯಾಂಪಿಂಗ್ (ಕೋರ್‌ನ ಇ, ಐ ಆಕಾರದ ತಗಡುಗಳು) ತುಂಬುವಾಗ ಪಕ್ಕದಲ್ಲೇ ನಿಂತಿರಿ. ಅಭ್ಯಾಸಬಲದಿಂದ ಒಂದು ಇ ಈ ಕಡೆಯಿಂದ, ಮುಂದಿನದು ಆ ಕಡೆಯಿಂದ ತೂರಿಸುತ್ತಾ ಹೋಗುತ್ತಾರೆ. ಸಿಂಗಲ್ ಎಂಡೆಡ್‌ಗೆ ಅದು ಆಗಲ್ಲ. ಪ್ರೈಮರಿಯಲ್ಲಿ ಡಿಸಿ ಹರಿಯುತ್ತಿರುತ್ತದೆ. ಇ ಎಲ್ಲಾ ಒಂದು ಕಡೆ, ಐ ಎಲ್ಲಾ ಇನ್ನೊಂದು ಕಡೆ, ನಡುವೆ ತೆಳು ಕಾಗದ. ಆ ಗ್ಯಾಪ್ ಇಲ್ಲದಿದ್ದರೆ ಹಾಡು ಶುರುವಾಗುವ ಮೊದಲೇ ಕೋರ್ ಅರ್ಧ ತುಂಬಿರುತ್ತದೆ.

ಹಾಗೇ, ಪೂರ್ತಿ ಪ್ರೈಮರಿ ಸುತ್ತಿ ಅದರ ಮೇಲೆ ಸೆಕೆಂಡರಿ ಸುತ್ತುವುದೂ ಬೇಡ. ಎರಡನ್ನೂ ಭಾಗ ಮಾಡಿ ಒಂದರ ನಡುವೆ ಒಂದು ಬರಬೇಕು. ಇಲ್ಲದಿದ್ದರೆ ಲೀಕೇಜ್ (ಒಂದು ಸುರುಳಿಯಿಂದ ಇನ್ನೊಂದಕ್ಕೆ ತಲುಪದ ಫ್ಲಕ್ಸ್) ಹೆಚ್ಚಾಗಿ ತಾಳದ ಝಲ್ ಮಂಕಾಗುತ್ತದೆ. ಈ ಕೆಲಸಕ್ಕೆ ಅವರು ಜಾಸ್ತಿ ಕೇಳಿದರೆ ಕೊಡಿ, ಮಾತಾಡಬೇಡಿ.

ಬಜೆಟ್ ಬಿಗಿ ಇದ್ದರೆ? ಎರಡು ವಾಲ್ವ್ ಎದುರುಬದುರಾಗಿ ದುಡಿಯುವ ಪುಶ್ ಪುಲ್ ಕಟ್ಟಿ. ಎರಡು ವಾಲ್ವ್‌ಗಳ ಡಿಸಿ ಒಂದನ್ನೊಂದು ಹೊಡೆದುಹಾಕುತ್ತದೆ, ಗ್ಯಾಪ್ ತಲೆನೋವು ಇಲ್ಲ. ಎರಡು ಇಎಲ್84ಗೆ 8000 ಓಮ್, ಪ್ರೈಮರಿಯ ನಡುವೆ ಸೆಂಟರ್ ಟ್ಯಾಪ್ (ಮಧ್ಯದಿಂದ ಹೊರತೆಗೆದ ತಂತಿ). 10 ವ್ಯಾಟ್ ಆರಾಮಾಗಿ ಬರುತ್ತದೆ. ಸಿಂಗಲ್ ಎಂಡೆಡ್ ಭಕ್ತರು ಬೈಯುತ್ತಾರೆ, ಬೈಯಲಿ.